ಸೇನೆಗೆ ಸೆನ್ಸರ್ ಸಾಧನ ಕಟ್ಟಿದ ಕಥೆ: ಐಡೆಕ್ಸ್ ಅನುದಾನದಲ್ಲಿ ನನ್ನ ಅನುಭವ

ಸೇನೆಗೆ ಒಂದು ಸಾಧನ ಮಾಡುತ್ತಿದ್ದೇವೆ ಎಂದರೆ ಜನ ಮೊದಲು ಕೇಳುವುದು, "ಸರ್ಕಾರ ಎಷ್ಟು ಕೊಡುತ್ತೆ?" ಅಂತ. ಐಡೆಕ್ಸ್ ಎಂದರೆ ಸೇನೆಗೆ ಹೊಸ ಸಾಧನ ಕಟ್ಟುವವರಿಗೆ ರಕ್ಷಣಾ ಇಲಾಖೆ ಹಣ ಕೊಡುವ ಯೋಜನೆ. ಅದರ ಸ್ಪಾರ್ಕ್ ಅನುದಾನದಲ್ಲಿ 1.5 ಕೋಟಿ ರೂಪಾಯಿವರೆಗೆ. ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ. 2024ರ ಮಾರ್ಚ್‌ನಲ್ಲಿ ಶುರುವಾದ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ. ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ನೀವು ಮಾಡಿದ್ದನ್ನು ನಾಳೆ ಬಳಸುವ ಸೈನಿಕ ನಿಮಗೆ ಮಾತಿಗೆ ಸಿಗುತ್ತಾನಾ? ನಮಗೆ ಸಿಕ್ಕಿದ. ಈ ಯೋಜನೆಯಿಂದ ನಮಗಾದ ದೊಡ್ಡ ಲಾಭ ಅದೇ.

ಐಡೆಕ್ಸ್ ಶುರುವಾಗಿದ್ದು 2018ರ ಏಪ್ರಿಲ್‌ನಲ್ಲಿ, ಚೆನ್ನೈನಲ್ಲಿ ನಡೆದ ಡಿಫೆಕ್ಸ್‌ಪೋ ಎಂಬ ರಕ್ಷಣಾ ಪ್ರದರ್ಶನದಲ್ಲಿ. ಅದೇ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ 'ಡಿಸ್ಕ್' (ಡಿಫೆನ್ಸ್ ಇಂಡಿಯಾ ಸ್ಟಾರ್ಟಪ್ ಚಾಲೆಂಜ್) ಸವಾಲುಗಳನ್ನು ಪ್ರಕಟಿಸಿದರು. ಹಿಂದೆ ನಿಂತಿರುವುದು ರಕ್ಷಣಾ ಇಲಾಖೆಯ ಡಿಫೆನ್ಸ್ ಇನ್ನೊವೇಶನ್ ಆರ್ಗನೈಸೇಶನ್. ಎಚ್‌ಎಎಲ್ ಮತ್ತು ಬಿಇಎಲ್ ಸೇರಿ ಕಟ್ಟಿದ, ಲಾಭಕ್ಕಲ್ಲದ ಕಂಪನಿ ಅದು. ಸೇನೆಗಳು ತಮಗೆ ಬೇಕಾದ್ದನ್ನು ಒಂದೊಂದು ಸವಾಲಾಗಿ ಬರೆದು ಕೊಡುತ್ತವೆ. ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಒಂಟಿ ಸಂಶೋಧಕರು ಕೂಡ ಅರ್ಜಿ ಹಾಕಬಹುದು. ನಿಮ್ಮದೇ ಹೊಸ ಐಡಿಯಾ ಇದ್ದರೆ ಓಪನ್ ಚಾಲೆಂಜ್ ಅಂತ ಬೇರೆ ದಾರಿ ಇದೆ.

ನಮ್ಮದು ಕಾರ್ಖಾನೆಯ ಯಂತ್ರಗಳ ಕಂಪನ ಅಳೆಯುವ ಚಿಕ್ಕ ಕಂಪನಿ. ಬೇರಿಂಗ್ ಹಾಳಾಗುವ ಮೊದಲೇ ಅದರ ನಡುಕದಿಂದ ಪತ್ತೆ ಹಚ್ಚುತ್ತಿದ್ದೆವು. ನೆಲದಲ್ಲಿ ಹೂತಿಟ್ಟ ಸೆನ್ಸರ್ ನಡೆದುಬರುವ ಮನುಷ್ಯನನ್ನು ಗುರುತಿಸಬೇಕು ಎಂಬ ಬೇಡಿಕೆ ನೋಡಿದಾಗ, ಇದು ನಮ್ಮ ಕೈಯಳತೆಯ ಕೆಲಸ ಅನ್ನಿಸಿತು. ಹೆಜ್ಜೆ ಬಿದ್ದಾಗ ನೆಲ ಸಣ್ಣಗೆ ಅದುರುತ್ತದೆ, ನೆಲದ ಕಂಪನ ಅಳೆಯುವ ಜಿಯೋಫೋನ್ ಎಂಬ ಸೆನ್ಸರ್ ಅದನ್ನು ಹಿಡಿಯುತ್ತದೆ. ಕಷ್ಟ ಬರುವುದು ಹಿಡಿದ ಮೇಲೆ. ದನ ನಡೆದರೂ ನೆಲ ಅದುರುತ್ತದೆ. ಗಾಳಿಗೆ ಮರ ತೂಗಿದರೆ ಬೇರಿನ ಮೂಲಕ ಅದುರುತ್ತದೆ. ಮಳೆ ಬಂದರಂತೂ ಕೇಳುವುದೇ ಬೇಡ.

ಅರ್ಜಿ ಬರೆಯುವಾಗ ನಾವು ಪಾಲಿಸಿದ್ದು ಒಂದೇ ನಿಯಮ. ನಮ್ಮ ತಂತ್ರಜ್ಞಾನ ಎಷ್ಟು ಚೆಂದ ಎಂದು ಹೊಗಳುವುದಕ್ಕಿಂತ, ಅವರು ಕೇಳಿದ ಒಂದೊಂದು ಅಂಶಕ್ಕೂ ನಮ್ಮ ಉತ್ತರ ಏನು, ಅದನ್ನು ಹೇಗೆ ಪರೀಕ್ಷಿಸಿ ತೋರಿಸುತ್ತೇವೆ ಎಂದು ಬರೆದೆವು. ಆಯ್ಕೆ ಸಮಿತಿಯ ಮುಂದೆ ಕೂತಾಗ ಬಂದ ಪ್ರಶ್ನೆಗಳೂ ಅಲ್ಲಿಂದಲೇ ಬಂದವು. ಸ್ಲೈಡುಗಳ ಅಂದ ಯಾರಿಗೂ ಬೇಕಿರಲಿಲ್ಲ.

ಆಯ್ಕೆಯಾದ ಮೇಲೆ ಇಬ್ಬರು ಜೊತೆಗೆ ಬರುತ್ತಾರೆ. ಹಣ ಮತ್ತು ಪ್ರಗತಿ ನೋಡಿಕೊಳ್ಳಲು ಒಂದು ಪಾರ್ಟ್ನರ್ ಇನ್‌ಕ್ಯುಬೇಟರ್, ಅಂದರೆ ಸ್ಟಾರ್ಟಪ್‌ಗಳನ್ನು ಬೆಳೆಸುವ ಸಂಸ್ಥೆ. ಸೇನೆಯ ಕಡೆಯಿಂದ ಒಬ್ಬ ನೋಡಲ್ ಅಧಿಕಾರಿ. ಎರಡನೆಯವರು ನಿಮಗೆ ಬಂಗಾರ ಅಂದುಕೊಳ್ಳಿ. ನಮ್ಮ ಅಧಿಕಾರಿ ಮೊದಲ ಭೇಟಿಯಲ್ಲೇ ಕೇಳಿದ್ದು, "ಎಷ್ಟು ದೂರದಿಂದ ಹಿಡಿಯುತ್ತೆ ಅನ್ನೋದು ಆಮೇಲೆ. ರಾತ್ರಿಗೆ ಎಷ್ಟು ಸಲ ಸುಳ್ಳು ಅಲಾರಂ ಹೊಡೆಯುತ್ತೆ?" ಸುಳ್ಳು ಅಲಾರಂ ಜಾಸ್ತಿಯಾದರೆ ಕಾವಲಿನ ಹುಡುಗ ಅದನ್ನು ಆಫ್ ಮಾಡಿ ಪಕ್ಕಕ್ಕಿಡುತ್ತಾನೆ, ಅಷ್ಟೇ ಕಥೆ ಎಂದರು. ನಮ್ಮ ಇಡೀ ಅಲ್ಗಾರಿದಂ ಅಲ್ಲಿಂದ ತಿರುಗಿತು. ದೂರ ಕಡಿಮೆಯಾದರೂ ಪರವಾಗಿಲ್ಲ, ಹೆಜ್ಜೆಗಳ ನಡುವಿನ ಲಯ ನೋಡಿ ಮನುಷ್ಯ ಎಂದು ಖಚಿತವಾದ ಮೇಲೇ ಸುದ್ದಿ ಕಳಿಸು ಎಂಬಂತೆ ಬರೆದೆವು. ಎರಡು ಕಾಲಿನ ನಡಿಗೆಗೂ ನಾಲ್ಕು ಕಾಲಿನ ನಡಿಗೆಗೂ ಲಯ ಬೇರೆ.

ಅವರ ಘಟಕದ ಸೈನಿಕರು ಹೇಳಿದ್ದು ಇನ್ನೂ ಚಿಕ್ಕ ವಿಷಯಗಳು. ದಪ್ಪ ಕೈಗವಸು ಹಾಕಿಕೊಂಡು ಈ ಸ್ವಿಚ್ ಒತ್ತಲು ಆಗಲ್ಲ. ಕತ್ತಲಲ್ಲಿ ಬ್ಯಾಟರಿ ಹಾಕುವಾಗ ಪ್ಲಸ್ಸು ಮೈನಸ್ಸು ಕಾಣಲ್ಲ. ಮಿನುಗುವ ಎಲ್‌ಇಡಿ ಯಾಕೆ ಬೇಕು, ಶತ್ರುವಿಗೆ ತೋರಿಸೋಕಾ? ಲ್ಯಾಬಿನಲ್ಲಿ ಕೂತು ಇದನ್ನೆಲ್ಲ ಊಹಿಸಲು ಸಾಧ್ಯವಿಲ್ಲ. ಡಬ್ಬಿಯ ವಿನ್ಯಾಸವನ್ನೇ ಬದಲಿಸಿದೆವು.

ಈಗ ದುಡ್ಡಿನ ಮಾತು. ಸ್ಪಾರ್ಕ್‌ನಲ್ಲಿ ಅನುದಾನದಷ್ಟೇ ಹಣ ನಿಮ್ಮ ಕಡೆಯಿಂದಲೂ ಬರಬೇಕು. ಯೋಜನೆಯ ವೆಚ್ಚ 2 ಕೋಟಿ ಎಂದರೆ 1 ಕೋಟಿ ನಿಮ್ಮದು. ಅನುದಾನವೂ ಒಟ್ಟಿಗೆ ಬರುವುದಿಲ್ಲ, ಕಂತುಗಳಲ್ಲಿ ಬರುತ್ತದೆ. ಒಂದು ಹಂತ ಮುಗಿದು, ಅದನ್ನು ಪರಿಶೀಲಿಸಿ, ಖರ್ಚಿನ ಲೆಕ್ಕ ಒಪ್ಪಿಗೆಯಾದ ಮೇಲೆ ಮುಂದಿನ ಕಂತು. ಸಂಬಳ ಮಾತ್ರ ತಿಂಗಳು ತಿಂಗಳು ಕೊಡಬೇಕು, ಅಲ್ವಾ? ಅದಕ್ಕೆ ನಾವು ಹಳೆಯ ಕಾರ್ಖಾನೆ ವ್ಯಾಪಾರವನ್ನು ನಿಲ್ಲಿಸಲಿಲ್ಲ. ಬ್ಯಾಂಕಿನಿಂದ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಸರ್ಕಾರಿ ನಿಧಿ) ಖಾತರಿಯ ಸಾಲವನ್ನೂ ತೆಗೆದುಕೊಂಡೆವು. ಬರೀ ಅನುದಾನ ನಂಬಿಕೊಂಡು ಜನರನ್ನು ಸೇರಿಸಿಕೊಳ್ಳಬೇಡಿ. ಹಂತಗಳನ್ನು ಬರೆಯುವಾಗಲೇ ಜಾಣತನ ಬೇಕು: ಯಾವ ಹಂತದಲ್ಲಿ ದುಬಾರಿ ಖರೀದಿ ಇದೆಯೋ ಅದಕ್ಕೆ ಮುಂಚೆ ಒಂದು ಕಂತು ಬೀಳುವಂತೆ ಜೋಡಿಸಿಕೊಳ್ಳಿ. ಡಿಆರ್‌ಡಿಒದ ಟಿಡಿಎಫ್ (ಟೆಕ್ನಾಲಜಿ ಡೆವಲಪ್‌ಮೆಂಟ್ ಫಂಡ್) ಎಂಬ ಇನ್ನೊಂದು ನಿಧಿಯೂ ಇದೆ. ಅಲ್ಲಿ ವೆಚ್ಚದ 90 ಶೇಕಡದವರೆಗೆ ಸಿಗುತ್ತದೆ, ಮಿತಿ 50 ಕೋಟಿ. ಆದರೆ ತಂತ್ರಜ್ಞಾನದ ಹಕ್ಕಿನಲ್ಲಿ ಡಿಆರ್‌ಡಿಒಗೂ ಪಾಲಿರುತ್ತದೆ. ನಮ್ಮ ಒಪ್ಪಂದದಲ್ಲಿ ಹಕ್ಕು ನಮ್ಮಲ್ಲೇ ಉಳಿಯಿತು, ಅದಕ್ಕೇ ನಾವು ಐಡೆಕ್ಸ್ ಕಡೆ ಬಂದೆವು.

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ್ದು ಪರೀಕ್ಷೆಗಳು. ಸೇನೆಯ ಎಲೆಕ್ಟ್ರಾನಿಕ್ ಸಾಧನಗಳಿಗೆ ಜೆಎಸ್‌ಎಸ್ 55555 ಎಂಬ ಮಾನದಂಡ ಇದೆ (ಮೈಸೂರಿನ ಜೆಎಸ್‌ಎಸ್‌ಗೂ ಇದಕ್ಕೂ ಸಂಬಂಧ ಇಲ್ಲ!). ಬಿಸಿ, ಚಳಿ, ತೇವ, ಧೂಳು, ಉಪ್ಪಿನ ಗಾಳಿ, ಕಂಪನ, ಬಂಪ್ (ಮತ್ತೆ ಮತ್ತೆ ಕುಲುಕುವುದು), ಎತ್ತರದಿಂದ ಬೀಳಿಸುವುದು, ಬೂಷ್ಟು ಹಿಡಿಯುತ್ತದಾ ಎಂದು ನೋಡುವುದು, ಹೀಗೆ ಪಟ್ಟಿ ಉದ್ದ. ರೇಡಿಯೋ ತರಂಗಗಳ ಕಿರಿಕಿರಿ ನೋಡಲು ಮಿಲ್-ಸ್ಟ್ಯಾಂಡರ್ಡ್ 461 ಎಂಬ ಇನ್ನೊಂದು ಮಾನದಂಡ ಬೇರೆ. ನಾವು ಪರೀಕ್ಷೆಗಳನ್ನು ಕೊನೆಗೆ ಬಿಡದೆ, ಮೊದಲ ಸರ್ಕ್ಯೂಟ್ ಬೋರ್ಡ್ ಬಂದಾಗಲೇ ಬಾಡಿಗೆಗೆ ಒಂದು ಚೇಂಬರ್ ಹಿಡಿದು ಚಳಿಯಲ್ಲಿ ಇಟ್ಟು ನೋಡಿದೆವು. ಮೊಬೈಲಿನಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿ ಶೂನ್ಯಕ್ಕಿಂತ ಕೆಳಗೆ ಹೋದಂತೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಲಿಥಿಯಂ ಥಯೋನೈಲ್ ಕ್ಲೋರೈಡ್ ಸೆಲ್‌ಗೆ ಹೋದೆವು. ಅದು ಮೈನಸ್ 55 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಚಾರ್ಜ್ ಮಾಡಲು ಬರುವುದಿಲ್ಲ, ಆದರೆ ವರ್ಷಗಟ್ಟಲೆ ಸುಮ್ನೆ ಇಟ್ಟರೂ ಚಾರ್ಜ್ ಹೆಚ್ಚು ಸೋರುವುದಿಲ್ಲ. ಅದರಲ್ಲೊಂದು ಚೇಷ್ಟೆ ಇದೆ: ಬಹಳ ದಿನ ಬಳಸದೆ ಇಟ್ಟರೆ ಒಳಗೆ ತೆಳುವಾದ ಪದರ ಕಟ್ಟಿಕೊಂಡು, ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ರೇಡಿಯೋ ಸಂದೇಶ ಕಳಿಸುವುದು ಸರಿಯಾಗಿ ಆ ಹೊತ್ತಲ್ಲೇ! ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಟ್ಟು ಆ ಕ್ಷಣದ ಹೊರೆ ಅದಕ್ಕೆ ಹಾಕಿದೆವು.

ಇನ್ನೊಂದು ಲೆಕ್ಕ ಮೊದಲ ದಿನದಿಂದಲೇ ಇಟ್ಟಿದ್ದು, ಯಾವ ಬಿಡಿಭಾಗ ಎಲ್ಲಿಂದ ಬಂತು ಎಂಬುದು. 2020ರ ರಕ್ಷಣಾ ಖರೀದಿ ನಿಯಮದ 'ಬೈ ಇಂಡಿಯನ್-ಐಡಿಡಿಎಂ' (ದೇಶದಲ್ಲೇ ವಿನ್ಯಾಸ ಮಾಡಿ, ಅಭಿವೃದ್ಧಿಪಡಿಸಿ, ತಯಾರಿಸಿದ್ದು) ವರ್ಗದಲ್ಲಿ ಬೆಲೆಯ ಲೆಕ್ಕದಲ್ಲಿ ಕನಿಷ್ಠ 50 ಶೇಕಡ ಸ್ವದೇಶಿ ಇರಬೇಕು. ಚೀನಾದ ಬಿಡಿಭಾಗಗಳ ಬಗ್ಗೆ ಈಗ ಕಣ್ಣು ಇನ್ನೂ ಚುರುಕು. 2025ರಲ್ಲಿ ಇದೇ ಕಾರಣಕ್ಕೆ 400 ಡ್ರೋನ್‌ಗಳ ಖರೀದಿ ರದ್ದಾಯಿತು. ಹಾಗಾಗಿ ಪ್ರತಿ ಚಿಪ್‌ಗೂ, ಕನೆಕ್ಟರ್‌ಗೂ ಬಿಲ್ಲು ಮತ್ತು ಮೂಲದ ಕಾಗದ ಇಟ್ಟುಕೊಂಡಿದ್ದೇವೆ. ಬೇಜಾರಿನ ಕೆಲಸ, ಆದರೆ ಆಮೇಲೆ ಹುಡುಕಲು ಹೋದರೆ ಸಿಗುವುದಿಲ್ಲ.

ಪ್ರೊಟೊಟೈಪ್ ಪಾಸಾಯಿತು ಎಂದರೆ ಆರ್ಡರ್ ಬಂತು ಎಂದಲ್ಲ. ಸೇನೆಗೆ ಇದು ಬೇಕು ಎಂಬ ಅಧಿಕೃತ ಒಪ್ಪಿಗೆ ಆಗಬೇಕು. ಅದನ್ನು ಎಒಎನ್ ಎನ್ನುತ್ತಾರೆ. ಅದಾದ ಮೇಲೆ ಟೆಂಡರ್ ಪತ್ರ, ಟ್ರಯಲ್, ಬೆಲೆಯ ಮಾತುಕತೆ, ಕೊನೆಗೆ ಕರಾರು. ನಾವು ಈಗ ಈ ದಾರಿಯ ನಡುವೆ ಇದ್ದೇವೆ. ಅಷ್ಟರಲ್ಲಿ ಅದೇ ಸೆನ್ಸರನ್ನು ಕಾಡಂಚಿನ ಹೊಲಗಳಿಗೆ ಆನೆ ಬರುವುದನ್ನು ತಿಳಿಸಲು ಹೊಂದಿಸುತ್ತಿದ್ದೇವೆ. ಆನೆಯ ಹೆಜ್ಜೆ ಗುರುತಿಸುವುದು ಮನುಷ್ಯನದ್ದಕ್ಕಿಂತ ಸುಲಭ ಎಂದುಕೊಂಡಿದ್ದೆವು. ಹಾಗೇನಿಲ್ಲ. ಅಷ್ಟು ಭಾರದ ಪ್ರಾಣಿ ಅಷ್ಟು ಮೆತ್ತಗೆ ಕಾಲಿಡುತ್ತದೆ. ಅದರ ಲಯ ಹಿಡಿಯುವ ಕೋಡನ್ನು ಈಗ ಬರೆಯುತ್ತಿದ್ದೇವೆ.