ವೀಲ್‌ಚೇರ್ ಬಳಸುವವರಿಗೆ ಮೂಗೇಟಾದರೆ ಏನು ಮಾಡಬೇಕು?

ಕುರ್ಚಿಯಿಂದ ಮಂಚಕ್ಕೆ ದಾಟುವಾಗ ತೊಡೆ ಚಕ್ರಕ್ಕೆ ತಾಗುತ್ತದೆ, ಬಾಗಿಲು ಹಾಯುವಾಗ ಮೊಣಕಾಲು ಚೌಕಟ್ಟಿಗೆ ಬಡಿಯುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಕಳೆದುಕೊಂಡವರಿಗೆ ಇದು ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ. ಬಟ್ಟೆ ಬದಲಿಸುವಾಗ ನೀಲಿಗಟ್ಟಿದ ಕಲೆ ಕಣ್ಣಿಗೆ ಬೀಳುತ್ತದೆ. ‘ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗಬೇಡಿ. ನೋವು ಎಚ್ಚರಿಸದ ಮೈಯನ್ನು ಕಣ್ಣಿನಿಂದಲೇ ಕಾಯಬೇಕು.

ಬೆಳಿಗ್ಗೆ ಏಳುವ ಮುನ್ನ, ರಾತ್ರಿ ಮಲಗುವ ಮುನ್ನ ಉದ್ದ ಹಿಡಿಯ ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ ಹಿಡಿದು ಪೃಷ್ಠ, ಬೆನ್ನಿನ ಬುಡ, ಸೊಂಟದ ಬದಿ, ಹಿಮ್ಮಡಿಗಳನ್ನು ನೋಡಿಕೊಳ್ಳಿ. ಕೆಂಪಾದ ಜಾಗ ಕಂಡರೆ ಬೆರಳಿನಿಂದ ಒತ್ತಿ. ಒತ್ತಿದರೂ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಒತ್ತಡದ ಹುಣ್ಣಿನ, ಅಂದರೆ ಒಂದೇ ಕಡೆ ಬಹಳ ಹೊತ್ತು ಭಾರ ಬಿದ್ದು ಆಗುವ ಹುಣ್ಣಿನ, ಆರಂಭವಿರಬಹುದು. ವಾಸಿಯಾಗುವವರೆಗೆ ಅಲ್ಲಿ ಭಾರ ಬೀಳಬಾರದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು.

ಹೊಸ ಮೂಗೇಟನ್ನು ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಸ್ಪರ್ಶವಿಲ್ಲದ ಕಡೆ ಇಟ್ಟಿದ್ದರೆ ಎರಡು–ಮೂರು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡಿ, ಏಕೆಂದರೆ ಅತಿಯಾದ ಶೀತದಿಂದಲೂ ಚರ್ಮ ಸುಟ್ಟಂತಾಗುತ್ತದೆ. ಬಿಸಿನೀರಿನ ಚೀಲವಂತೂ ಬೇಡವೇ ಬೇಡ. ಕಲೆಯ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಸಾಮಾನ್ಯ ಮೂಗೇಟು ನೀಲಿಯಿಂದ ಹಸಿರಿಗೆ, ಹಳದಿಗೆ ತಿರುಗಿ ಸುಮಾರು ಎರಡು ವಾರಗಳಲ್ಲಿ ಮಾಸುತ್ತದೆ. ಗೆರೆ ದಾಟಿ ಹರಡುತ್ತಿದ್ದರೆ ವೈದ್ಯರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಬಿದ್ದರೆ ಕಾಯುತ್ತಾ ಕೂರಲೇಬಾರದು. ಜೊತೆಗೆ ಪೆಟ್ಟು ಎಲ್ಲಿಂದ ಬಂತು ಎಂದು ಹುಡುಕಿ: ಸಡಿಲಗೊಂಡ ಬೋಲ್ಟ್, ಸರಿಯಾಗಿ ಹಿಡಿಯದ ಬ್ರೇಕ್, ಹೊರಚಾಚಿದ ಫುಟ್‌ರೆಸ್ಟ್ ಅಂಚು.

ನನ್ನನ್ನು ಹೆಚ್ಚು ಕಾಡುವುದು ಮೂಗೇಟಿನಂತೆ ಕಂಡು ಮೋಸ ಮಾಡುವ ಸಂಗತಿಗಳು. ಭಾರ ಹೊರದ ಕಾಲಿನ ಮೂಳೆ ದುರ್ಬಲವಾಗಿರುತ್ತದೆ. ಕುರ್ಚಿಯಿಂದ ಮೆಲ್ಲಗೆ ಜಾರಿದರೂ ಮುರಿಯಬಹುದು, ನೋವೂ ಇರದಿರಬಹುದು. ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ ಮೂಳೆ ಮುರಿದಿರಬಹುದು, ಇಲ್ಲವೇ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ಉಜ್ಜದೆ ಅಂದೇ ಆಸ್ಪತ್ರೆಗೆ ಹೋಗಿ. ಎದೆಯ ಮಟ್ಟದ ಆರನೇ ಕಶೇರುಕ (ಬೆನ್ನೆಲುಬಿನ ಬಿಡಿ ಮೂಳೆ) ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಮೈಗೆ ತಿಳಿಯದ ಗಾಯವೂ ರಕ್ತದೊತ್ತಡವನ್ನು ದಿಢೀರನೆ ಏರಿಸಬಲ್ಲದು. ತಲೆ ಸಿಡಿಯುವಂತೆ ನೋವು, ಮುಖ ಕೆಂಪೇರಿ ಬೆವರುವುದು ಇದರ ಲಕ್ಷಣ. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ, ಬೆಲ್ಟ್ ಸಡಿಲಿಸಿ, ಮೂತ್ರದ ಪೈಪು ಮಡಚಿದೆಯೇ ನೋಡಿ. ತಕ್ಷಣ ಇಳಿಯದಿದ್ದರೆ ಇದು ಪ್ರಾಣಕ್ಕೆ ಅಪಾಯ. ತುರ್ತು ಚಿಕಿತ್ಸೆ ಬೇಕೇ ಬೇಕು.

ಆಸ್ಪತ್ರೆಯಲ್ಲಾಗುವ ಗಾಯಗಳಲ್ಲಿ ಹಲವನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ತಪ್ಪಿಸಬಹುದು. ಚಕ್ರ ತಳ್ಳಲು, ಮೈ ಎತ್ತಲು ಹೆಚ್ಚು ಆಸರೆಯಾಗುವ ಕೈಗೆ ಡ್ರಿಪ್ ಸೂಜಿ ಬೇಡ ಎನ್ನಿ. ಸ್ಪರ್ಶವಿಲ್ಲದ ಕೈಗೆ ಹಾಕಿದ್ದರೆ ಊತ ಬಂದಿದೆಯೇ ಎಂದು ಆಗಾಗ ನೋಡಲು ಕೇಳಿ. ದ್ರವ ಹೊರಸೋರಿದರೂ ನಿಮಗೆ ಉರಿ ತಿಳಿಯದು. ರಕ್ತ ತೆಗೆದ ಮೇಲೆ ಮೊಣಕೈ ಮಡಚದೆ ಐದು ನಿಮಿಷ ಒತ್ತಿ ಹಿಡಿಯಿರಿ, ಅದಕ್ಕೂ ಮುನ್ನ ಆ ಕೈಯಿಂದ ಚಕ್ರ ತಳ್ಳಬೇಡಿ. ಗಟ್ಟಿ ಟ್ರಾಲಿಯ ಮೇಲೆ ಗಂಟೆಗಟ್ಟಲೆ ಮಲಗಿಸಿದರೆ ದಪ್ಪ ಹಾಸು ಕೇಳಿ, ಮಗ್ಗುಲು ಬದಲಿಸಲು ಹೇಳಿ. ಎತ್ತುವ ಸಿಬ್ಬಂದಿಗೆ ಎಲ್ಲಿ ಹಿಡಿಯಬೇಕೆಂದು ನೀವೇ ತಿಳಿಸಿ. ಇದರಲ್ಲಿ ಸಂಕೋಚ ಪಡಬೇಕಾದ್ದೇನೂ ಇಲ್ಲ. ಅಷ್ಟಾಗಿಯೂ ಪೆಟ್ಟಾದರೆ ಸಮಯ, ಜಾಗ, ಹೇಗಾಯಿತು ಎಂಬುದನ್ನು ಅಲ್ಲೇ ಬರೆದುಕೊಂಡು, ಬಿಡುಗಡೆಗೆ ಮೊದಲೇ ನಿಮ್ಮ ಕೇಸ್ ಶೀಟ್‌ನಲ್ಲಿ ಅದನ್ನು ದಾಖಲಿಸಲು ಕೇಳಿ.