ಸೆಕ್ಸ್‌ಟನ್ ಫಿರಂಗಿಯ ಮಾದರಿ: ಒಳಗಿನಿಂದ ಹೊರಕ್ಕೆ ಕಟ್ಟಿದ ನನ್ನ ಅನುಭವ

ಎರಡನೆಯ ಮಹಾಯುದ್ಧದ ಸೆಕ್ಸ್‌ಟನ್ ಎಂಬ, ಟ್ಯಾಂಕಿನ ಗಾಡಿಯ ಮೇಲೆ ಕೂರಿಸಿ ತಾನೇ ಚಲಿಸುವಂತೆ ಮಾಡಿದ ಫಿರಂಗಿಯ 1/35 ಅಳತೆಯ ಪ್ಲಾಸ್ಟಿಕ್ ಕಿಟ್ಟನ್ನು ಮಡಿಕೇರಿಯ ನಮ್ಮ ಮನೆಯಲ್ಲಿ, ಮಳೆಗಾಲದಿಂದ ಬೇಸಿಗೆಯವರೆಗೆ ಬಿಡುವಾದಾಗಲೆಲ್ಲ ಕೂತು ಕಟ್ಟಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಟ್ಯಾಂಕಿನ ಮಾದರಿ ಕಟ್ಟಿ ಅಭ್ಯಾಸವಿರುವವರು ಈ ಕಿಟ್ಟಿಗೆ ಕೈಹಾಕುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಸೆಕ್ಸ್‌ಟನ್ನಿಗೆ ಮೇಲ್ಛಾವಣಿಯಿಲ್ಲ. ಟ್ಯಾಂಕಿನ ಟರೆಟ್ (ಫಿರಂಗಿಯಿರುವ ತಿರುಗುವ ಗೋಪುರ) ಮುಚ್ಚಿದ ಮೇಲೆ ಒಳಗೇನಿದೆಯೆಂದು ಯಾರೂ ಕೇಳುವುದಿಲ್ಲ. ಇಲ್ಲಿ ನೋಡುವವರ ಕಣ್ಣು ಮೊದಲು ಬೀಳುವುದೇ ಒಳಗೆ. ಆದ್ದರಿಂದ ಯಾವ ಭಾಗವನ್ನು ಯಾವಾಗ ಅಂಟಿಸಬೇಕೆಂಬುದನ್ನು ಸೂಚನಾ ಹಾಳೆಯ ಅಂಕಿಗಳಿಗಿಂತ ಹೆಚ್ಚಾಗಿ, ಬ್ರಷ್ಷಿನ ತುದಿ ಎಲ್ಲಿಯವರೆಗೆ ತಲುಪುತ್ತದೆ ಎಂಬುದೇ ತೀರ್ಮಾನಿಸಬೇಕು.

ಈ ವಾಹನ ಹುಟ್ಟಿದ ಕಾರಣ ತಿಳಿದಿದ್ದರೆ ಅದರ ಆಕಾರ ಬೇಗ ಅರ್ಥವಾಗುತ್ತದೆ. ಬ್ರಿಟಿಷರು ಮೊದಲು ವ್ಯಾಲೆಂಟೈನ್ ಟ್ಯಾಂಕಿನ ಮೇಲೆ ಒಂದು ಮುಚ್ಚಿದ ಪೆಟ್ಟಿಗೆಯಿಟ್ಟು, ಅದರೊಳಗೆ ಸುಮಾರು 25 ಪೌಂಡ್ ತೂಕದ ಗುಂಡು ಹಾರಿಸುವ 25 ಪೌಂಡರ್ ಫಿರಂಗಿಯನ್ನು ಕೂರಿಸಿ ಬಿಷಪ್ ಎಂಬ ವಾಹನವನ್ನು ಮಾಡಿದರು. ಅದರ ನಳಿಗೆ 15 ಡಿಗ್ರಿಗಿಂತ ಮೇಲಕ್ಕೆ ಏಳುತ್ತಿರಲಿಲ್ಲವಾದ್ದರಿಂದ ಗುಂಡು ಅದೇ ಫಿರಂಗಿಯ ನಿಜವಾದ ದೂರದ ಅರ್ಧದಷ್ಟನ್ನೂ ಮುಟ್ಟುತ್ತಿರಲಿಲ್ಲ. ದೂರ ಹೆಚ್ಚಿಸಲು ಮಣ್ಣಿನ ದಿಬ್ಬ ಮಾಡಿ ವಾಹನದ ಮೂತಿಯನ್ನೇ ಎತ್ತಿ ನಿಲ್ಲಿಸಬೇಕಾಗುತ್ತಿತ್ತು. ಅಮೆರಿಕದಿಂದ ಬಂದ, ಪ್ರೀಸ್ಟ್ ಎಂಬ ಇಂಥದೇ ವಾಹನ 1942ರಲ್ಲಿ ಈಜಿಪ್ಟಿನ ಎಲ್ ಅಲಮೀನ್ ಕದನದಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಅದರ 105 ಮಿ.ಮೀ. ಗುಂಡುಗಳನ್ನು ಬೇರೆಯಾಗಿಯೇ ಸರಬರಾಜು ಮಾಡಬೇಕಾಗಿತ್ತು. ಕೊನೆಗೆ ಕೆನಡಾದವರು ತಮ್ಮ ರ‍್ಯಾಮ್ ಟ್ಯಾಂಕಿನ ಚಾಸಿಯ (ಚಕ್ರ, ಎಂಜಿನ್ ಇರುವ ಕೆಳಭಾಗದ) ಮೇಲೆ 25 ಪೌಂಡರನ್ನೇ ಕೂರಿಸಿದರು. ಮಾಂಟ್ರಿಯಲ್‌ನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ 1943ರಿಂದ 1945ರವರೆಗೆ ಇಂಥ 2,150 ವಾಹನಗಳು ತಯಾರಾದವು. ಇದರ ನಳಿಗೆ 40 ಡಿಗ್ರಿಯವರೆಗೆ ಏಳುತ್ತದೆ, ಗುಂಡು 12 ಕಿ.ಮೀ.ಗೂ ಆಚೆ ಹೋಗುತ್ತದೆ. ಸ್ವಾತಂತ್ರ್ಯದ ನಂತರ ನಮ್ಮ ಸೇನೆಯ ತೋಪಖಾನೆಯಲ್ಲೂ ಸೆಕ್ಸ್‌ಟನ್ ಇತ್ತು. ಮನೆಗೊಬ್ಬ ಸೈನಿಕನಿರುವ ಈ ಜಿಲ್ಲೆಯಲ್ಲಿ ಕೂತು ಹತ್ತಾರು ಕಿಟ್ಟುಗಳ ನಡುವೆ ಇದನ್ನೇ ಆರಿಸಿಕೊಳ್ಳಲು ನನಗೆ ಅಷ್ಟು ಕಾರಣ ಸಾಕಾಯಿತು.

ಕೆಲಸ ಆರಂಭವಾದದ್ದು ಅಂಟಿನಿಂದಲ್ಲ, ಬ್ಲೇಡಿನಿಂದ. ನಿಜವಾದ ಸೆಕ್ಸ್‌ಟನ್ನಿನ ಪಕ್ಕದ ಉಕ್ಕಿನ ತಗಡು ತೆಳುವಾದ ಕಡೆ ಅರ್ಧ ಇಂಚಿನಷ್ಟೇ ದಪ್ಪವಿರುತ್ತದೆ. 1/35ರಲ್ಲಿ ಅದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ಕನ್ನು ಎರಕ ಹೊಯ್ಯುವುದು ಕಷ್ಟ, ಹಾಗಾಗಿ ಕಿಟ್ಟಿನ ಗೋಡೆಗಳು ಸುಮಾರು ಒಂದು ಮಿ.ಮೀ. ದಪ್ಪವಿರುತ್ತವೆ. ಗೋಡೆಯನ್ನೆಲ್ಲ ತೆಳುವಾಗಿಸುವ ಅಗತ್ಯವಿಲ್ಲ. ಮೇಲಂಚಿನ ಒಳಬದಿಯನ್ನು ಮಾತ್ರ ಬ್ಲೇಡನ್ನು ಓರೆಯಾಗಿ ಹಿಡಿದು ಹೆರೆಯುತ್ತ ಬಂದು, ಕೊನೆಗೆ ನೀರಿನಲ್ಲಿ ಅದ್ದಿದ 600ರ ಸ್ಯಾಂಡ್ ಪೇಪರಿನಿಂದ ಉಜ್ಜಿದರೆ, ಮೇಲಿನಿಂದ ನೋಡುವವರಿಗೆ ಕಾಣುವುದು ಆ ತೆಳು ಅಂಚು ಮಾತ್ರವೇ. ನನ್ನ ಅಭಿಪ್ರಾಯದಲ್ಲಿ ಮೇಲ್ಭಾಗ ತೆರೆದ ಯಾವುದೇ ವಾಹನದ ಮಾದರಿಗೆ ಇಷ್ಟು ಪ್ರಯೋಜನ ಕೊಡುವ ಇನ್ನೊಂದು ಕೆಲಸವಿಲ್ಲ. ಚಕ್ರಗಳು ಮತ್ತು ಕೆಳಭಾಗದ ಜೋಡಣೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೂಚನಾ ಹಾಳೆಯನ್ನು ಅನುಸರಿಸಿದರೆ ಸಾಕು.

ಒಳಭಾಗವನ್ನು ನಾಲ್ಕಾಗಿ ವಿಂಗಡಿಸಿಕೊಂಡೆ: ಬಲಕ್ಕಿರುವ ಚಾಲಕನ ಆಸನ ಸೇರಿದ ನೆಲ, ಎಡ ಮತ್ತು ಬಲ ಗೋಡೆಗಳು, ಮದ್ದುಗುಂಡಿನ ಅರೆಗಳು, ಮತ್ತು ಫಿರಂಗಿ. ಪ್ರತಿಯೊಂದಕ್ಕೂ ಬೇರೆಯಾಗಿಯೇ ಪ್ರೈಮರ್, ಬಣ್ಣ, ಸಂದುಗಳಿಗೆ ಇಳಿಯುವ ಮಸಿ ಬಣ್ಣದ ನೀರಾದ ಲೇಪ (ವಾಷ್) ಎಲ್ಲ ಮುಗಿಸಿ, ಅಂಟು ಹಿಡಿಯಬೇಕಾದ ಅಂಚುಗಳಿಗೆ ಮಾತ್ರ ಮಾಸ್ಕಿಂಗ್ ಟೇಪ್ ಹಚ್ಚಿಟ್ಟೆ. ಮಾದರಿಗೆ ಬಳಸುವ ಸಿಮೆಂಟು ಎಂಬ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದಾದ್ದರಿಂದ ಬಣ್ಣದ ಮೇಲೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಒಳಗೂ ಹೊರಗಿನ ಹಸಿರು ಮಿಶ್ರಿತ ಕಂದು ಬಣ್ಣವನ್ನೇ ಬಳಿದೆ. ಅದು 1944ರಲ್ಲಿ ಬ್ರಿಟಿಷ್ ಸೇನೆ ಜಾರಿಗೆ ತಂದ ಎಸ್‌ಸಿಸಿ 15 ಎಂಬ ಆಲಿವ್ ಬಣ್ಣ.

ಫಿರಂಗಿಯ ವಿಷಯದಲ್ಲಿ ನನಗೆ ಪುಸ್ತಕಗಳಿಗಿಂತ ಹೆಚ್ಚು ನೆರವಾದವರು ನಮ್ಮ ರಸ್ತೆಯಲ್ಲೇ ಇರುವ, ತೋಪಖಾನೆಯಿಂದ ನಿವೃತ್ತರಾದ ಸುಬೇದಾರರು. ಅವರು ಎಳೆದೊಯ್ಯುವ 25 ಪೌಂಡರಿನಲ್ಲಿ ಸೇವೆ ಮಾಡಿದವರು. ಗುಂಡು ಮತ್ತು ಕಾರ್ಟ್ರಿಜ್ ಒಂದಕ್ಕೊಂದು ಸೇರಿಕೊಂಡಂತೆ ಅರೆಯಲ್ಲಿ ಇಡಬಹುದೇ ಎಂದು ಕೇಳಿದಾಗ ಅವರು ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದರು: “ಇಲ್ಲಪ್ಪ, ಇದರಲ್ಲಿ ಎರಡೂ ಬೇರೆ ಬೇರೆ. ಗುಂಡನ್ನು ಮೊದಲು ತೂರಿಸಿ ಗಟ್ಟಿಯಾಗಿ ತಳ್ಳಬೇಕು. ಆಮೇಲೆ ಹಿತ್ತಾಳೆ ಕಾರ್ಟ್ರಿಜ್. ಅದರೊಳಗೆ ಮದ್ದಿನ ಮೂರು ಚೀಲ, ಕೆಂಪು, ಬಿಳಿ, ನೀಲಿ. ಹತ್ತಿರ ಹೊಡೆಯುವುದಾದರೆ ನೀಲಿಯನ್ನು ತೆಗೆದು ಪಕ್ಕಕ್ಕೆ ಹಾಕುತ್ತಿದ್ದೆವು.” ಗುರಿ ಹಿಡಿಯುವವನು ಫಿರಂಗಿಯ ಎಡಕ್ಕೆ ಕೂರುತ್ತಾನೆಂದು ತೋರಿಸಿ, ಆ ಆಸನದ ಸುತ್ತ ಏನನ್ನೂ ಇಡಬೇಡ, ಅಲ್ಲಿ ಕಾಲಿಡಲು ಜಾಗ ಬೇಕು ಎಂದರು.

ಆ ಮಾತಿನಂತೆ ಮದ್ದುಗುಂಡುಗಳಿಗೆ ಹೆಚ್ಚು ಸಮಯ ಕೊಟ್ಟೆ. ಕಾರ್ಟ್ರಿಜ್ಜಿನ ಅಡ್ಡಳತೆ ಈ ಅಳತೆಯಲ್ಲಿ ಎರಡೂವರೆ ಮಿ.ಮೀ.ಗಿಂತ ಚೂರು ಹೆಚ್ಚು, ಉದ್ದ ಎಂಟು ಮಿ.ಮೀ.ನಷ್ಟು. ನೆಲದ ಮೇಲೆ ನಿಲ್ಲಿಸಬೇಕಾದ ಕೆಲವಕ್ಕೆ ಬಾಯನ್ನು ಸೂಜಿಯಷ್ಟು ಸಣ್ಣ ಡ್ರಿಲ್ಲಿನಿಂದ ಕೊರೆದು, ಒಳಗೆ ನೀಲಿ ಬಣ್ಣದ ಒಂದೇ ಒಂದು ಚುಕ್ಕೆ ಇಟ್ಟೆ. ಮೇಲಿನ ಚೀಲ ನೀಲಿಯದಾದ್ದರಿಂದ ಪೂರ್ಣ ಮದ್ದು ತುಂಬಿದ ಕಾರ್ಟ್ರಿಜ್ಜಿನಲ್ಲಿ ಕಾಣುವುದು ಅದೊಂದೇ. ಹೊರಮೈಗೆ ಮೊದಲು ಹೊಳೆಯುವ ಕಪ್ಪು, ಅದು ಒಣಗಿದ ಮೇಲೆ ಹಿತ್ತಾಳೆ ಬಣ್ಣ. ಸಿಡಿಗುಂಡುಗಳಿಗೆ ಹಳದಿ ಮೈ, ಮೂತಿಯ ಹತ್ತಿರ ಒಂದು ಕೆಂಪು ಗೆರೆ. ಆ ಗೆರೆಯನ್ನು ಎಳೆಯಲು ಬ್ರಷ್ಷನ್ನು ಅಲ್ಲಾಡಿಸದೆ ಹಿಡಿದು, ಹಲ್ಲುಕಡ್ಡಿಯ ತುದಿಗೆ ಸಿಕ್ಕಿಸಿದ ಗುಂಡನ್ನೇ ತಿರುಗಿಸಬೇಕು. ಟ್ಯಾಂಕುಗಳ ವಿರುದ್ಧ ಬಳಸುವ ಗುಂಡುಗಳು ಕಪ್ಪು, ಸಂಖ್ಯೆಯಲ್ಲಿ ಕಡಿಮೆ.

ಇನ್ನು ಕೊಡಗಿನ ಹವೆಯ ವಿಷಯ. ಜುಲೈನಲ್ಲಿ ನಮ್ಮ ಕೋಣೆಯ ಆರ್ದ್ರತಾ ಮಾಪಕದ ಮುಳ್ಳು 90ರಿಂದ ಕೆಳಗೆ ಇಳಿಯುವುದೇ ಅಪರೂಪ. ಲ್ಯಾಕರ್ ಜಾತಿಯ ಬಣ್ಣಗಳಲ್ಲಿನ ತಿನ್ನರ್ (ಬಣ್ಣವನ್ನು ತೆಳುವಾಗಿಸುವ ದ್ರವ) ಬೇಗ ಆರಿಹೋಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಆ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಬಣ್ಣದೊಳಗೆ ಸೇರಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅದಕ್ಕಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಲೇಡು, ಸ್ಯಾಂಡ್ ಪೇಪರ್, ಅಂಟು ಇಷ್ಟಕ್ಕೇ ಕೆಲಸವನ್ನು ಸೀಮಿತಗೊಳಿಸಿದೆ. ಮದ್ದುಗುಂಡುಗಳಂಥ ಸಣ್ಣ ಭಾಗಗಳಿಗೆ ಮಾತ್ರ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಲ್ಲಿ ಹಚ್ಚಿದೆ. ಅವು ಒಣಗಲು ರಟ್ಟಿನ ಪೆಟ್ಟಿಗೆಯೊಂದಕ್ಕೆ ಹಳೆಯ ಕಾಲದ 40 ವ್ಯಾಟ್ ಬಲ್ಬ್ ಸಿಕ್ಕಿಸಿ, ಪೆಟ್ಟಿಗೆಯ ಮೇಲೆ ಗಾಳಿಗೆ ತೂತುಗಳನ್ನು ಮಾಡಿದೆ. ಭಾಗಗಳನ್ನು ಬಲ್ಬಿನಿಂದ ಒಂದು ಗೇಣು ದೂರದಲ್ಲಿಟ್ಟರೆ ಒಳಗೆ ಉಗುರುಬೆಚ್ಚಗೆ ಮಾತ್ರ ಇರುತ್ತದೆ, ಪ್ಲಾಸ್ಟಿಕ್ ಬಾಗುವುದಿಲ್ಲ. ಬಟ್ಟೆ ಒಣಗಿಸುವ ಒಲೆಯ ಮೇಲಿನ ಜಾಗ ಇದಕ್ಕೆ ಸಲ್ಲದು, ಹೊಗೆಯ ಜಿಡ್ಡು ಕೂರುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಕೆಲಸವನ್ನೆಲ್ಲ ಡಿಸೆಂಬರ್ ನಂತರದ ಒಣ ಹವೆಗೆ ಇಟ್ಟುಕೊಂಡೆ. ಆಗಲೂ ಕಂಪ್ರೆಸರಿನ ನೀರು ಹಿಡಿಯುವ ಬಟ್ಟಲನ್ನು ಪ್ರತಿ ಸಲವೂ ಬಸಿಯಬೇಕು.

ಕೆನಡಾದಲ್ಲಿ ಈ ವಾಹನಗಳಿಗೆ ರಬ್ಬರ್ ತುಂಡುಗಳಿಲ್ಲದ, ಪೂರ್ತಿ ಉಕ್ಕಿನ ಟ್ರ್ಯಾಕ್ ಸರಪಳಿಯನ್ನು ಹಾಕುತ್ತಿದ್ದರು. 1942ರಲ್ಲಿ ಮಲಯ ಜಪಾನೀಯರ ವಶವಾಗಿ ರಬ್ಬರಿಗೆ ಬರ ಬಂದಿದ್ದ ಕಾಲ ಅದು. ತೋಟದ ಬೆಳೆಯೊಂದು ಸಿಗದೆಹೋದರೆ ಯುದ್ಧವಾಹನದ ರಚನೆಯೇ ಬದಲಾಗುತ್ತದೆಂಬುದು ರಬ್ಬರ್ ಬೆಳೆಯುವ ನಮ್ಮ ಕಡೆಯವರಿಗೆ ಬೇಗ ಮನದಟ್ಟಾಗುತ್ತದೆ. ಮಾದರಿಯಲ್ಲಿ ಇದರ ಪರಿಣಾಮವೆಂದರೆ ಟ್ರ್ಯಾಕಿನ ಹೊರಮೈಗೆ ಕಪ್ಪು ಬಳಿಯಬಾರದು. ಗಾಢ ಕಂದು ಬಳಿದು, ನೆಲಕ್ಕೆ ಉಜ್ಜುವ ಏಣುಗಳಿಗೆ ಮಾತ್ರ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ತೀಡಿದರೆ ಉಕ್ಕಿನ ಹೊಳಪು ಬರುತ್ತದೆ.

ಡೆಕಾಲುಗಳನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳನ್ನು) ಹೊಳಪಿನ ವಾರ್ನಿಷ್ ಮೇಲೆ ಕೂರಿಸಿ, ನಂತರ ಹೊಳಪಿಲ್ಲದ ವಾರ್ನಿಷ್ ಹೊಡೆದೆ. ಬಿಳಿ ನಕ್ಷತ್ರ, ತೋಪಖಾನೆಯ ಕೆಂಪು ನೀಲಿ ಚೌಕ, ಅಷ್ಟೇ. ಕೆಸರಿನ ಬಣ್ಣವನ್ನು ಮಾತ್ರ ಯೋಚಿಸಿ ಆರಿಸಿದೆ. ಅಂಗಳದ ಮಣ್ಣನ್ನೇ ಜರಡಿ ಹಿಡಿದು ಬಳಸುವ ಆಸೆ ಯಾರಿಗೂ ಬರುತ್ತದೆ, ಆದರೆ ನನ್ನ ಮಾದರಿ 1945ರ ಫೆಬ್ರವರಿಯಲ್ಲಿ ಜರ್ಮನಿಯ ರೈಖ್ಸ್‌ವಾಲ್ಡ್ ಕಾಡಿನ ಹತ್ತಿರ, ಕರಗಿದ ಹಿಮ ಮತ್ತು ಪ್ರವಾಹದ ನೀರಿನ ನಡುವೆ ನಿಂತದ್ದು. ಅಲ್ಲಿ ನಮ್ಮ ಕೆಂಪು ಮಣ್ಣು ಒಪ್ಪುವುದಿಲ್ಲ. ಬೂದು ಮಿಶ್ರಿತ ಕಂದು ಪುಡಿಯನ್ನು ಪ್ಲಾಸ್ಟರಿನೊಂದಿಗೆ ಕಲಸಿ ಚಕ್ರಗಳ ಸಂದಿಗೆ ದಪ್ಪವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ ಹಚ್ಚಿದೆ. ಮಾದರಿ ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಮೂಲೆಯಲ್ಲಿಟ್ಟ, ತೇವ ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದಾಗ ಅದನ್ನು ಬಿಸಿ ಮಾಡಿ ಮತ್ತೆ ಒಳಗಿಡುತ್ತೇನೆ. ಮಳೆಗಾಲದಲ್ಲಿ ಈ ಕೆಲಸ ಪದೇ ಪದೇ ಮಾಡಬೇಕಾಗುತ್ತದೆ.