ಸೀನಿಯರ್ ಆಫೀಸಿನಿಂದ ಹೊರಬಂದಿರಾ? ಸ್ವಂತ ವಕೀಲಿ ಕಚೇರಿ ಕಟ್ಟುವುದು ಹೀಗೆ

ನಾಲ್ಕೈದು ವರ್ಷ ಸೀನಿಯರ್ ಹತ್ತಿರ ಕೆಲಸ ಮಾಡಿದ್ದಾಯಿತು. ಡ್ರಾಫ್ಟಿಂಗ್ ಬಂತು, ಪಾಟೀಸವಾಲು ಬಂತು. ಇನ್ನು ಸ್ವಂತ ಬೋರ್ಡ್ ಹಾಕೋಣ ಅನ್ನಿಸುತ್ತಿದೆ ಅಲ್ವಾ? ಹಾಕಿ. ಆದರೆ ಕೇಸು ನಡೆಸುವುದು ಬೇರೆ, ಕಚೇರಿ ನಡೆಸುವುದು ಬೇರೆ. ಕೇಸು ಸೋತರೂ ವಕೀಲರನ್ನು ಬಿಡದ ಕಕ್ಷಿದಾರರಿದ್ದಾರೆ. ಫೋನ್ ಎತ್ತದ ವಕೀಲರ ಹತ್ತಿರ ಉಳಿಯುವವರು ಕಡಿಮೆ. ಜಿಲ್ಲೆ, ತಾಲ್ಲೂಕು ಕೋರ್ಟುಗಳಲ್ಲಿ ಹೊಸದಾಗಿ ಕಚೇರಿ ತೆರೆಯುವವರಿಗಾಗಿ ಈ ಲೇಖನ.

1. ಊರಿನ ಕೋರ್ಟನ್ನು ಓದಿ

ಜಾಗ ಹುಡುಕುವ ಮೊದಲು ನಿಮ್ಮ ಕೋರ್ಟಿನ ಕಾಸ್ ಲಿಸ್ಟನ್ನು (ಆಯಾ ದಿನದ ಕೇಸುಗಳ ಪಟ್ಟಿ) ಒಂದು ವಾರ ಗಮನಿಸಿ. ಇ-ಕೋರ್ಟ್ಸ್ ಸೈಟಿನಲ್ಲೇ ಸಿಗುತ್ತದೆ. ಪಾಲು ವಿಭಾಗದ ದಾವೆ ಜಾಸ್ತಿಯೋ, ಚೆಕ್ ಬೌನ್ಸೋ, ಅಪಘಾತ ಪರಿಹಾರವೋ, ಜೀವನಾಂಶವೋ ಗೊತ್ತಾಗುತ್ತದೆ. ಮೊದಲ ವರ್ಷ ಬಂದ ಕೇಸೆಲ್ಲ ಹಿಡಿಯಬೇಕಾಗುತ್ತದೆ, ಅದು ಹೊಟ್ಟೆಪಾಡು. ಆದರೂ ಒಂದು ವಿಷಯದಲ್ಲಿ ಮಾತ್ರ ಬೇರೆ ವಕೀಲರೂ ನಿಮ್ಮನ್ನು ಬಂದು ಕೇಳುವಷ್ಟು ಓದಿಕೊಳ್ಳಿ.

ಅಪೀಲಿಗೆ ಹೋಗುವ ಕೇಸುಗಳಿಗೆ ಹೈಕೋರ್ಟಿನಲ್ಲಿ ನಂಬಿಕಸ್ಥ ವಕೀಲರೊಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಉತ್ತರ ಕರ್ನಾಟಕದವರಿಗೆ ಇದು ಈಗ ಸುಲಭ. ಧಾರವಾಡ, ಕಲಬುರಗಿ ಪೀಠಗಳು 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆದವು. 2008ಕ್ಕೆ ಮೊದಲು ಎಲ್ಲದಕ್ಕೂ ಬೆಂಗಳೂರು ಬಸ್ಸು ಹತ್ತಬೇಕಿತ್ತು.

2. ಬೋರ್ಡು ಸಣ್ಣದಿರಲಿ

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ಬೋರ್ಡು ಹದವಾದ ಅಳತೆಯಲ್ಲಿರಬೇಕು. ‘ಡೈವೋರ್ಸ್ ಸ್ಪೆಷಲಿಸ್ಟ್’ ಅಂತಲೋ ‘ವಕೀಲರ ಸಂಘದ ಮಾಜಿ ಅಧ್ಯಕ್ಷರು’ ಅಂತಲೋ ಬರೆಸುವಂತಿಲ್ಲ. 2008ರ ತಿದ್ದುಪಡಿ ಬಂದ ಮೇಲೆ ವೆಬ್‌ಸೈಟ್ ಇಟ್ಟುಕೊಳ್ಳಬಹುದು. ಅದರಲ್ಲಿ ಹೆಸರು, ವಿಳಾಸ, ಫೋನ್, ನೋಂದಣಿ ಸಂಖ್ಯೆ, ಓದು, ನೋಡುವ ಕೇಸುಗಳ ಬಗೆ ಇಷ್ಟು ಸಾಕು. ‘100% ಗೆಲುವು’ ಅಂತ ರೀಲ್ಸ್ ಮಾಡುವವರು ಸುಮ್ನೆ ತೊಂದರೆ ಮೈಮೇಲೆ ಎಳೆದುಕೊಳ್ಳುತ್ತಿದ್ದಾರೆ.

3. ಡೈರಿ, ಡೈರಿ, ಡೈರಿ

ಇಡೀ ಕಚೇರಿ ನಿಂತಿರುವುದು ಇದರ ಮೇಲೆ. ಆ್ಯಪ್ ಇರಲಿ, ಎಸ್‌ಎಂಎಸ್ ಬರಲಿ, ಕೈಬರಹದ ಡೈರಿಯೊಂದು ಬೇಕೇ ಬೇಕು. ಪುಟದಲ್ಲಿ ಹಿಂದಿನ ಡೇಟ್, ಕೋರ್ಟ್ ಹಾಲ್, ಕೇಸ್ ನಂಬರ್, ಎರಡೂ ಕಡೆಯವರ ಹೆಸರು, ಯಾತಕ್ಕೆ ಇಟ್ಟಿದ್ದಾರೆ, ಮುಂದಿನ ಡೇಟ್ ಇರಬೇಕು. ಸಂಜೆ ಕೋರ್ಟಿನಿಂದ ಬಂದ ತಕ್ಷಣ ಮುಂದಿನ ಡೇಟಿನ ಪುಟಕ್ಕೂ ಕೇಸನ್ನು ಇಳಿಸಬೇಕು. ನಾಳೆ ಬರೆದರಾಯಿತು ಅಂದ ಕೇಸೇ ಗೈರುಹಾಜರಿಗೆ ವಜಾ ಆಗುತ್ತದೆ.

ಕೋರ್ಟು ಕೊಡುವ ಡೇಟಿಗಿಂತ ಕಾನೂನು ಕೊಡುವ ಗಡುವು ಅಪಾಯ. ಅದನ್ನು ಯಾರೂ ಕೂಗಿ ಹೇಳುವುದಿಲ್ಲ. ಚೆಕ್ ಬೌನ್ಸನ್ನೇ ತೆಗೆದುಕೊಳ್ಳಿ. ಜೂನ್ 3ಕ್ಕೆ ಚೆಕ್ ವಾಪಸಾಯಿತು ಎಂಬ ಬ್ಯಾಂಕಿನ ಮೆಮೊ ಕೈಗೆ ಬಂತು ಅಂತಿಟ್ಟುಕೊಳ್ಳೋಣ. 30 ದಿನದೊಳಗೆ, ಅಂದರೆ ಜುಲೈ 3ರೊಳಗೆ ನೋಟಿಸ್ ಹೋಗಬೇಕು. ನೀವು ಬೇಗನೇ ಕಳಿಸಿ, ಅದು ಜೂನ್ 25ಕ್ಕೆ ಜಾರಿಯಾಯಿತು. ದುಡ್ಡು ಕೊಡಲು ಅವರಿಗೆ 15 ದಿನ, ಅಂದರೆ ಜುಲೈ 10ರವರೆಗೆ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ಡೈರಿಯಲ್ಲಿ ಆಗಸ್ಟ್ 10 ಅಂತ ಬರೆಯಬೇಡಿ. ಜುಲೈ ಕೊನೇ ವಾರದಲ್ಲಿ ಕೆಂಪು ಇಂಕಿನಲ್ಲಿ ಬರೆಯಿರಿ. ಸಿವಿಲ್ ದಾವೆಯಲ್ಲಿ ನಮ್ಮ ಕಡೆಯವರು ಪ್ರತಿವಾದಿಯಾಗಿದ್ದರೆ ಸಮನ್ಸ್ ಜಾರಿಯಾದ 30ನೇ ದಿನವನ್ನೂ 90ನೇ ದಿನವನ್ನೂ ಹೀಗೇ ಗುರುತು ಹಾಕಿ. ರಿಟನ್ ಸ್ಟೇಟ್‌ಮೆಂಟ್ (ಪ್ರತಿವಾದಿಯ ಲಿಖಿತ ಉತ್ತರ) ಹಾಕಲು ಅಷ್ಟೇ ಟೈಮು.

ಡೈರಿ ಬರೆದಾದ ಮೇಲೆ ಅದೇ ಕೂತಲ್ಲಿ ಕಕ್ಷಿದಾರರಿಗೆ ವಾಟ್ಸ್ಆ್ಯಪ್ ಮಾಡಿ: ‘ಇವತ್ತು ನಿಮ್ಮ ಕೇಸು ಎದುರು ಕಡೆಯ ತಕರಾರಿಗೆ ಇತ್ತು. ಅವರು ಟೈಮ್ ಕೇಳಿದರು. ಮುಂದಿನ ಡೇಟ್ ಆಗಸ್ಟ್ 12. ನೀವು ಬರಬೇಕಾಗಿಲ್ಲ.’ ಕೊನೇ ಸಾಲು ಮುಖ್ಯ. ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದು, ಕಾರಿಡಾರಿನಲ್ಲಿ ಸಂಜೆಯವರೆಗೆ ನಿಂತು ಹೋಗುವವರಿಗೆ ಅದರ ಬೆಲೆ ಗೊತ್ತು. ಇಂಥ ಒಂದು ಮೆಸೇಜು ಯಾವ ಬೋರ್ಡಿಗಿಂತಲೂ ಹೆಚ್ಚು ಕೇಸು ತರುತ್ತದೆ.

4. ಫೀಸು ಬಾಯಿಮಾತಿನಲ್ಲಿ ಬೇಡ

ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಒಂದು ಹಾಳೆಯಲ್ಲಿ ಬರೆದುಕೊಡಿ: ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ಕೋರ್ಟ್ ಫೀ ಮತ್ತು ಖರ್ಚು ಬೇರೆ. ಖರ್ಚಿಗೆ ಅಂತ ಕೊಟ್ಟ ದುಡ್ಡಿನ ಲೆಕ್ಕ ಬೇರೆ ಪುಸ್ತಕದಲ್ಲಿರಲಿ.

‘ಪರಿಹಾರ ಬಂದರೆ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದ ಅಪಘಾತದ ಕೇಸುಗಳಲ್ಲಿ ಮಾಮೂಲಿ ಅನ್ನಿಸಿಬಿಟ್ಟಿದೆ. ನಮ್ಮಲ್ಲಿ ಅದು ನಿಯಮಕ್ಕೆ ವಿರುದ್ಧ. ಕೇಸು ತಂದುಕೊಟ್ಟ ದಲ್ಲಾಳಿಗೆ ಫೀಸಿನಲ್ಲಿ ಪಾಲು ಕೊಡುವುದೂ ಅಷ್ಟೇ. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕೂ ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಬೇರೆ ದಾರಿ ಹಿಡಿಯಿರಿ.

5. ಗುಮಾಸ್ತರು ಮೊದಲು, ಜೂನಿಯರ್ ಆಮೇಲೆ

ನಕಲು ಶಾಖೆಯಲ್ಲಿ ಅರ್ಜಿ ಎಲ್ಲಿ ನಿಂತಿದೆ, ಪ್ರೊಸೆಸ್ ಮೆಮೊ (ಸಮನ್ಸ್, ನೋಟಿಸ್ ಕಳಿಸಲು ಕೊಡುವ ಅರ್ಜಿ) ಹೋಯಿತಾ, ಆಫೀಸ್ ಆಕ್ಷೇಪಣೆ ಏನು, ಇವೆಲ್ಲ ಅನುಭವಸ್ಥ ಗುಮಾಸ್ತರಿಗೆ ಗೊತ್ತಿರುವಷ್ಟು ಹೊಸ ವಕೀಲರಿಗೆ ಗೊತ್ತಿರುವುದಿಲ್ಲ. ಕೆಲಸ ಹೆಚ್ಚಿದ ಮೇಲೆ ಜೂನಿಯರ್ ತೆಗೆದುಕೊಳ್ಳಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಬಾರ್ ಕೌನ್ಸಿಲ್ 2024ರಲ್ಲಿ ನಗರದಲ್ಲಿ ₹20,000, ಗ್ರಾಮೀಣ ಭಾಗದಲ್ಲಿ ₹15,000 ಅಂತ ಸಲಹೆ ಕೊಟ್ಟಿದೆ. ಕಡ್ಡಾಯವಲ್ಲ. ಅಷ್ಟು ಆಗದಿದ್ದರೂ ‘ಕಲಿಯೋಕೆ ಬಂದಿದ್ದೀಯಲ್ಲಪ್ಪ’ ಅಂತ ಬರಿಗೈಲಿ ಕಳಿಸುವುದು ಸರಿಯಲ್ಲ. ಹಾಗೆ ಕಳಿಸಿದವರ ಆಫೀಸಿನಲ್ಲಿ ಚುರುಕಾದ ಹುಡುಗ ಹುಡುಗಿಯರು ನಿಲ್ಲುವುದೂ ಇಲ್ಲ.

6. ಹಳೇ ಡ್ರಾಫ್ಟು ಮತ್ತು ಹೊಸ ಕಾನೂನು

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂತು. ಸೀನಿಯರ್ ಆಫೀಸಿನಿಂದ ಪೆನ್‌ಡ್ರೈವಿನಲ್ಲಿ ತಂದ ಮಾದರಿಗಳನ್ನು ಹಾಗೇ ಪ್ರಿಂಟ್ ತೆಗೆಯಬೇಡಿ. ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 482ನೇ ಕಲಂ ಅಂದರೆ ಎಫ್‌ಐಆರ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹಾಕುವ ಅರ್ಜಿ. ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು. ರದ್ದತಿ ಈಗ 528. ಜೀವನಾಂಶ 125ರಿಂದ 144ಕ್ಕೆ ಹೋಗಿದೆ. ಒಂದು ಭಾನುವಾರ ಕೂತು ಎಲ್ಲ ಮಾದರಿಗಳನ್ನೂ ತಿದ್ದಿಬಿಡಿ.

ಎಐ ಬಳಸಿ, ಬೇಡ ಅನ್ನುವುದಿಲ್ಲ. ಟೈಪಿಂಗಿಗೆ, ಸಾರಾಂಶಕ್ಕೆ ಅನುಕೂಲ. ಆದರೆ ಅದು ಕೊಟ್ಟ ತೀರ್ಪನ್ನು ಮೂಲದಲ್ಲಿ ಓದದೆ ಕೋರ್ಟಿಗೆ ಕೊಡಬೇಡಿ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವೊಂದರಲ್ಲಿ ಎಲ್ಲೂ ಇಲ್ಲದ ತೀರ್ಪುಗಳು ನುಸುಳಿದ್ದವು. ಆದೇಶ ವಾಪಸ್ ಪಡೆಯಬೇಕಾಯಿತು. ಸುಪ್ರೀಂ ಕೋರ್ಟ್ ತೀರ್ಪುಗಳು ಆ ಕೋರ್ಟಿನದೇ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಐದು ನಿಮಿಷದ ಕೆಲಸ.

7. ಪಾಲುದಾರಿಕೆ

ಗೆಳೆಯರಿಬ್ಬರು ಸೇರಿ ಸಂಸ್ಥೆ ಮಾಡುವುದಾದರೆ ಪಾಲುದಾರರೆಲ್ಲ ವಕೀಲರೇ ಆಗಿರಬೇಕು. ಬಾಡಿಗೆ, ಗುಮಾಸ್ತರ ಸಂಬಳ, ಫೀಸಿನ ಪಾಲು, ಎಲ್ಲವೂ ಪತ್ರದಲ್ಲಿರಲಿ. ಬೇರೆಯಾಗುವ ಕಾಲಕ್ಕೆ ಅಂತಲೂ ಒಂದು ಕಲಂ ಬರೆಸಿ: ಯಾವ ಕೇಸು ಯಾರ ಹತ್ತಿರ ಉಳಿಯಬೇಕು ಎಂಬುದನ್ನು ಕಕ್ಷಿದಾರರೇ ಹೇಳಬೇಕು, ಇನ್ನೊಬ್ಬರು ತಕರಾರಿಲ್ಲದೆ ಎನ್ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು, ಫೈಲನ್ನು ಪೂರ್ತಿ ಒಪ್ಪಿಸಬೇಕು, ಮತ್ತು ಅಷ್ಟು ದಿನದ ಕೆಲಸಕ್ಕೆ ಅವರ ಫೀಸು ಎಷ್ಟು ಎಂಬ ಲೆಕ್ಕ ಮೊದಲೇ ಗೊತ್ತಿರಬೇಕು.